ಗೋಲ್‌ಕೀಪರನ ಬಗ್ಗೆ ನಾನು ಬರೆದದ್ದು

ಹಿರೋಷಿಮಾಕ್ಕೆ ಬಂದ ಎರಡನೆಯ ವರ್ಷ ನನಗೆ ಒಂದು ಕಾಲೇಜು ಫುಟ್‌ಬಾಲ್ ತಂಡದ ಹುಚ್ಚು ಹಿಡಿಯಿತು. ಕಂಪನಿ ನನ್ನನ್ನು ಬೆಂಗಳೂರಿನಿಂದ ಕಳಿಸಿದ್ದು ಕಾರಿನ ಬ್ರೇಕುಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸಕ್ಕೆ. ಯಾವುದು ಎಲ್ಲಿ ತಪ್ಪುತ್ತದೆ ಎಂದು ಹುಡುಕಿ ಬರೆದಿಡುವುದೇ ವಾರವಿಡೀ ನನ್ನ ಉದ್ಯೋಗ. ಒಂದು ಭಾನುವಾರ ಮಗಳ ಕೈ ಹಿಡಿದು ಸುಮ್ಮನೆ ಸುತ್ತುತ್ತಿದ್ದಾಗ, ಮನೆಯಿಂದ ಇಪ್ಪತ್ತು ನಿಮಿಷ ನಡಿಗೆಯಲ್ಲಿದ್ದ ವಿಶ್ವವಿದ್ಯಾಲಯದ ಮೈದಾನದಲ್ಲಿ ಶಿಳ್ಳೆಯ ಸದ್ದು ಕೇಳಿಸಿತು. ಒಳಗೆ ಹೋದೆವು. ಟಿಕೆಟ್ ಇರಲಿಲ್ಲ. ಕೂರಲು ಹುಲ್ಲಿನ ದಿಬ್ಬ, ಹತ್ತಿಪ್ಪತ್ತು ಜನ. ಅಂದಿನಿಂದ ನಾವಿಬ್ಬರೂ ಭಾನುವಾರ ತಪ್ಪಿಸಲಿಲ್ಲ.

ಫುಟ್‌ಬಾಲ್ ನನಗೆ ಹೊಸದೇನೂ ಅಲ್ಲ. ನಾನು ಬೆಳೆದದ್ದು ಹಲಸೂರಿನ ಕಡೆ. ಅಲ್ಲಿ ಕ್ರಿಕೆಟ್ ಆಡುವವರಿಗಿಂತ ಫುಟ್‌ಬಾಲ್ ಆಡುವವರೇ ಹೆಚ್ಚು. ನನ್ನ ಅಪ್ಪ ತಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದರು. ಹಾಗಾಗಿ ಗೋಲ್‌ಕೀಪರ್‌ಗಳ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ ಎಂದು ನಾನೇ ನಂಬಿಕೊಂಡಿದ್ದೆ.

ದಿಬ್ಬದ ಮೇಲೆ ಕೂರುತ್ತಿದ್ದ ಅಭಿಮಾನಿಗಳಲ್ಲಿ ಎಲ್ಲರಿಗೂ ಹಿರಿಯರು ಒಬ್ಬ ನಿವೃತ್ತ ಟ್ರಾಮ್ ಚಾಲಕರು. ಮೂವತ್ತು ವರ್ಷಗಳಿಂದ ಈ ತಂಡವನ್ನು ನೋಡುತ್ತ ಬಂದವರು. ನನ್ನ ಹೆಸರು ಅವರ ಬಾಯಲ್ಲಿ ತಿರುಗದೆ ‘ಇಂದೋ-ಸಾನ್’ ಎಂದು ಕರೆದರು. ಇಂಡಿಯಾದವರು ಎಂದು ಅದರರ್ಥ. ಉಳಿದವರೂ ಹಾಗೇ ಕರೆದರು. ಇನ್ನೊಬ್ಬರು ಐವತ್ತರ ಆಸುಪಾಸಿನ ಹೆಂಗಸು. ಎಲ್ಲೋ ದೂರದ ಊರಿನಿಂದ ರೈಲು ಹಿಡಿದು ಬರುತ್ತಿದ್ದರು. ದೊಡ್ಡ ಫ್ಲಾಸ್ಕಿನಲ್ಲಿ ತಣ್ಣನೆಯ ಬಾರ್ಲಿ ಚಹಾ ತಂದು ಎಲ್ಲರಿಗೂ ಹಂಚಿ, ಆಮೇಲೆ ದಿಬ್ಬದ ತುದಿಗೆ ಹೋಗಿ ಒಬ್ಬರೇ ಕೂರುತ್ತಿದ್ದರು. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ ಅವರೂ ಎದ್ದು ಇನ್ನೊಂದು ತುದಿಗೆ ಹೋಗುತ್ತಿದ್ದರು. ಬಿಸಿಲಿಗಾಗಿ ಇರಬೇಕು ಎಂದುಕೊಂಡಿದ್ದೆ. ನನ್ನ ಮಗಳಿಗೆ ಅವರೆಂದರೆ ಇಷ್ಟ. ಆಗ ಅವಳಿಗೆ ಒಂಬತ್ತು ವರ್ಷ. ಜಪಾನಿ ಶಾಲೆಗೆ ಹೋಗುತ್ತಿದ್ದುದರಿಂದ ಭಾಷೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವರ ಪಕ್ಕದಲ್ಲೇ ಕೂತು ಇಡೀ ಆಟ ಏನೋ ಹರಟುತ್ತಿದ್ದಳು.

ಲೀಗ್ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಜುಲೈ ಸೆಖೆಯ ಹೊತ್ತಿಗೆ ಅರ್ಧ ಮುಗಿದು, ರಜೆ ಕಳೆದು, ಸೆಪ್ಟೆಂಬರ್‌ನಲ್ಲಿ ಉಳಿದ ಅರ್ಧ. ಆ ವರ್ಷ ಮೊದಲ ಕೆಲವು ಪಂದ್ಯ ಗೆದ್ದು ಮೇಲಿದ್ದ ನಮ್ಮ ತಂಡ ಜೂನ್‌ನಲ್ಲಿ ಜಾರತೊಡಗಿತು. ಸೋತದ್ದೆಲ್ಲ ಹೆಚ್ಚುಕಡಿಮೆ ಒಂದೇ ರೀತಿ. ಮೂಲೆಯಿಂದ ಎತ್ತರಕ್ಕೆ ಚೆಂಡು ಬರುತ್ತಿತ್ತು, ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದ ನಮ್ಮ ಗೋಲ್‌ಕೀಪರ್ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಡುತ್ತಿದ್ದ, ಎದುರಾಳಿ ತಲೆ ಕೊಟ್ಟು ಗೋಲು ಹೊಡೆಯುತ್ತಿದ್ದ. ನಾನು ಪ್ರತಿ ಪಂದ್ಯದ ನಂತರ ಅದನ್ನು ಮೊಬೈಲಿನಲ್ಲಿ ಬರೆದಿಡುತ್ತಿದ್ದೆ. ಯಾವ ದಿನ, ಎಷ್ಟನೇ ನಿಮಿಷ, ಅವನು ಎಲ್ಲಿ ನಿಂತಿದ್ದ ಎಲ್ಲವನ್ನೂ. ಅಭ್ಯಾಸಬಲ.

ಅರ್ಧ ಲೀಗ್ ಮುಗಿದಾಗ ಅಭಿಮಾನಿಗಳೆಲ್ಲ ಸೇರಿ ತಂಡದ ಆಟವನ್ನು ತೂಗಿ ನೋಡುವುದು ಅಲ್ಲಿನ ರೂಢಿ. ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಿ, ಅದನ್ನೇ ಒಂದೊಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಹಿರಿಯರು ಹಾಳೆಗಳನ್ನು ಕೋಚ್‌ಗೆ ತಲುಪಿಸುತ್ತಾರೆ. ಹುಡುಗರಿಗೆ ಹುರುಪು ಬರಲೆಂದು ಅವನ್ನು ಆಟಗಾರರ ಕೋಣೆಯ ಗೋಡೆಗೆ ಅಂಟಿಸುತ್ತಾರೆ. ಆ ವರ್ಷ ಸೇರಿದ್ದು ಮೈದಾನದ ಕೆಳಗಿನ ಬೀದಿಯ ಒಂದು ಒಕೊನೊಮಿಯಾಕಿ ಅಂಗಡಿಯಲ್ಲಿ. ಕೋಸು, ನೂಡಲ್ಸ್ ಹಾಕಿ ದೊಡ್ಡ ಕಾವಲಿಯ ಮೇಲೆ ದೋಸೆಯಂತೆ ಹುಯ್ಯುವ ಆ ತಿಂಡಿಯನ್ನು ಅಂಗಡಿಯವರು ನನಗಾಗಿ ಮಾಂಸವಿಲ್ಲದೆ ಮಾಡಿಕೊಟ್ಟರು. ಮಗಳು ಅಂದು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಚಹಾ ತರುವ ಹೆಂಗಸು ನನ್ನ ಎದುರಿಗೇ ಕೂತಿದ್ದರು.

ಎಲ್ಲರೂ ಮೆತ್ತಗೆ ಮಾತಾಡಿದರು. ರಕ್ಷಣಾ ಸಾಲು ಇನ್ನೂ ಹೊಂದಿಕೊಳ್ಳಬೇಕು, ಮಳೆಯಲ್ಲಿ ಅಭ್ಯಾಸ ಸಾಕಾಗಿಲ್ಲ, ಹುಡುಗರಿಗೆ ಪರೀಕ್ಷೆಯೂ ಇತ್ತಲ್ಲ, ಹೀಗೆ. ನನಗೆ ತಾಳ್ಮೆ ಕೆಟ್ಟಿತು. ನನ್ನ ಸರದಿ ಬಂದಾಗ ಮೊಬೈಲ್ ತೆಗೆದು ಒಂದೊಂದೇ ಗೋಲನ್ನು ದಿನಾಂಕದ ಸಮೇತ ಓದಿದೆ. ರಕ್ಷಣೆಯದ್ದೂ ಅಲ್ಲ, ಮಳೆಯದ್ದೂ ಅಲ್ಲ, ತೊಂದರೆ ಗೋಲ್‌ಕೀಪರ್‌ನದ್ದು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನು ಪುಕ್ಕಲ ಎಂದೂ ಹೇಳಿದೆ. ಪುಕ್ಕಲು ಎನ್ನುವುದಕ್ಕಿರುವ ಜಪಾನಿ ಪದವನ್ನು ಹಿಂದಿನ ದಿನವೇ ಹುಡುಕಿ ಇಟ್ಟುಕೊಂಡಿದ್ದೆ.

ಎದುರಿಗಿದ್ದ ಹೆಂಗಸು ಕೇಳಿದರು: “ಯಾವಾಗಿಂದ ಹೆದರೋದಕ್ಕೆ ಶುರು ಮಾಡಿದ ಅಂತ ನಿಮಗನ್ನಿಸತ್ತೆ?”

ಇಂಥ ಪ್ರಶ್ನೆಗೇ ಕಾದಿದ್ದವನಂತೆ ನಾನು ಪಟ್ಟಿಯನ್ನು ಮೇಲಕ್ಕೆ ಸರಿಸಿ ನೋಡಿದೆ. ಮೇ ತಿಂಗಳ ಎರಡನೆಯ ಪಂದ್ಯದವರೆಗೆ ಎಲ್ಲ ಎತ್ತರದ ಚೆಂಡಿಗೂ ಹೊರಬಂದಿದ್ದಾನೆ, ಅಲ್ಲಿಂದಾಚೆ ಒಮ್ಮೆಯೂ ಇಲ್ಲ ಎಂದೆ.

“ಹೌದು. ಮೇ ತಿಂಗಳಿಂದ,” ಎಂದು ಅವರು ತಲೆಯಾಡಿಸಿದರು. ಎದ್ದು ಎಲ್ಲರ ಲೋಟಕ್ಕೂ ನೀರು ತುಂಬಿದರು. ಒಬ್ಬರಾದರೂ ನನ್ನ ಮಾತು ಒಪ್ಪಿದರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಹಾಳೆ ಬರೆದುಕೊಟ್ಟಾಗ ಹಿರಿಯರು ಕನ್ನಡಕ ಏರಿಸಿ ಎರಡು ಸಲ ಓದಿದರು. ಸ್ವಲ್ಪ ಖಾರವಾಯಿತೇನೋ, ಆ ಒಂದು ಪದ ಬದಲಿಸುತ್ತೀರಾ ಎಂದು ಕೇಳಿದರು. ಇರಲಿ ಬಿಡಿ, ನಿಜ ಗೊತ್ತಾದರೇ ತಾನೇ ಹುಡುಗ ಸುಧಾರಿಸುವುದು ಎಂದೆ. ಅವರು ಹಾಳೆಯನ್ನು ಮಡಚಿಟ್ಟುಕೊಂಡರು.

ಮನೆಗೆ ಬಂದು ನಡೆದದ್ದನ್ನು ಉತ್ಸಾಹದಿಂದ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದೆ. ಹುಟ್ಟುಹಬ್ಬ ಮುಗಿಸಿ ಬಂದ ಮಗಳು ಕೈಯಲ್ಲಿದ್ದ ಬಲೂನನ್ನು ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದಳು.

“ಅಪ್ಪ, ದಟ್ಸ್ ಹರ್ ಸನ್,” ಎಂದಳು.

“ಯಾರ ಮಗ?”

“ಕೀಪರ್. ಟೀ ಕೊಡ್ತಾರಲ್ಲ ಆ ಓಬಾಸಾನ್, ಅವ್ರ ಮಗ. ನಂಗೊಬ್ಳಿಗೇ ಹೇಳಿದ್ರು. ಹಿಮಿತ್ಸು ಅಂದ್ರು.”

ಓಬಾಸಾನ್ ಎಂದರೆ ಆಂಟಿ, ಹಿಮಿತ್ಸು ಎಂದರೆ ಗುಟ್ಟು. ಯಾಕೆ ಗುಟ್ಟು ಎಂದು ಹೆಂಡತಿ ಕೇಳಿದಳು. ತಾಯಿ ಎಂದು ಗೊತ್ತಾದರೆ ಜನ ಅವರ ಮುಂದೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ಬರೀ ಹೊಗಳುತ್ತಾರೆ, ಆಗ ಮಗ ನಿಜವಾಗಿ ಹೇಗೆ ಆಡುತ್ತಾನೆಂದು ಅವರಿಗೆ ತಿಳಿಯುವುದೇ ಇಲ್ಲವಂತೆ. ಮಗಳು ಇಷ್ಟನ್ನೂ ಅರ್ಧ ಇಂಗ್ಲಿಷ್, ಅರ್ಧ ಜಪಾನಿಯಲ್ಲಿ ಹೇಳಿ ಒಳಗೆ ಹೋದಳು. ಅವರು ದಿಬ್ಬದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದದ್ದು ಬಿಸಿಲಿಗಲ್ಲ, ಮಗ ಕಾಯುವ ಗೋಲಿನ ಹತ್ತಿರ ಕೂರುವುದಕ್ಕೆ ಎಂದು ಆಗ ಹೊಳೆಯಿತು.

“ನಾಳೆನೇ ಹೋಗಿ ಸಾರಿ ಕೇಳಿ,” ಎಂದಳು ಹೆಂಡತಿ.

ಆದರೆ ಅವರ ಮನೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಆಫೀಸಿಗೆ ರಜೆ ಹಾಕಿ ಹಿರಿಯರ ಮನೆಗೆ ಹೋದೆ. ಹಾಳೆಯನ್ನು ವಾಪಸ್ ಕೊಡಿ ಎಂದು ಕೇಳಿದೆ. ಬೆಳಿಗ್ಗೆಯೇ ಕೋಚ್ ಕೈಗೆ ಕೊಟ್ಟುಬಂದಿದ್ದರು. ತಾಯಿಯ ವಿಷಯ ಹೇಳಿದೆ. ಮೂರೂವರೆ ವರ್ಷ ಆಕೆ ಕೊಟ್ಟ ಚಹಾ ಕುಡಿದಿದ್ದೇನೆ, ಒಮ್ಮೆಯೂ ಕೇಳಲಿಲ್ಲವಲ್ಲ ಎಂದರು.

ಲೀಗಿನ ಆ ರಜೆಯ ದಿನಗಳಲ್ಲಿ ನನಗೆ ನೆನಪಾಗುತ್ತಿದ್ದದ್ದು ಅಪ್ಪ. ಒಂದು ಫೈನಲ್‌ನಲ್ಲಿ ಅವರ ಕೈಯಿಂದ ಚೆಂಡು ಜಾರಿ ಕಾರ್ಖಾನೆ ತಂಡ ಸೋತಿತ್ತು. ಮರುದಿನ ಹಾಲು ತರಲು ಹೋದಾಗ ಅಂಗಡಿಯ ಮುಂದೆ ನಿಂತಿದ್ದವನೊಬ್ಬ, ನಾನು ಯಾರೆಂದು ತಿಳಿಯದೆ, ಆ ಕೀಪರ್ ದುಡ್ಡು ತಿಂದಿದ್ದಾನೆ ಎಂದು ಇನ್ನೊಬ್ಬನಿಗೆ ಹೇಳಿದ್ದ. ನನಗೆ ಎಂಟು ವರ್ಷ. ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಪ್ಪ ಹೋಗುವವರೆಗೂ ಹೇಳಲಿಲ್ಲ. ಅಂಥದ್ದನ್ನು ಕೇಳಿಸಿಕೊಂಡ ಮೇಲೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತಿತ್ತು. ಆದರೂ ಎದುರಿಗೆ ಕೂತಿದ್ದ ಮುಖವನ್ನು ನಾನು ಓದಲಿಲ್ಲ.

ಸೆಪ್ಟೆಂಬರ್‌ನ ಮೊದಲ ಪಂದ್ಯಕ್ಕೆ ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಅದೇ ಫ್ಲಾಸ್ಕ್, ಎಲ್ಲರಿಗೂ ಚಹಾ. ಗೋಲಿನಲ್ಲಿ ಎರಡನೆಯ ವರ್ಷದ ಹೊಸ ಹುಡುಗನಿದ್ದ. ಅವರ ಮಗ ಮೀಸಲು ಆಟಗಾರರ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವರು ದಿಬ್ಬದ ತುದಿಗೆ ಹೋಗದೆ ನಡುವೆಯೇ ಕೂತರು. ಅರ್ಧ ಆಟವಾದಾಗ ಹೋಗಿ ಅವರ ಮುಂದೆ ಬಗ್ಗಿ ನಿಂತೆ. ಮಗಳ ಸಹಾಯದಿಂದ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆಯ ವಾಕ್ಯಗಳಲ್ಲಿ ಎರಡನೆಯದು ಮರೆತುಹೋಯಿತು. ಬರೀ ಸುಮಿಮಾಸೆನ್, ಸುಮಿಮಾಸೆನ್ ಎಂದೆ.

ಅವರು ಪಕ್ಕದಲ್ಲಿ ಕೂರಲು ಹೇಳಿದರು. ನಿಧಾನವಾಗಿ, ನನಗೆ ಅರ್ಥವಾಗುವಂತೆ ಚಿಕ್ಕ ಚಿಕ್ಕ ಮಾತುಗಳಲ್ಲಿ ಮೇ ತಿಂಗಳ ಆ ಪಂದ್ಯದ ವಿಷಯ ಹೇಳಿದರು. ಅಂದು ಎತ್ತರದ ಚೆಂಡಿಗೆ ಹಾರಿದಾಗ ಅವರ ಮಗನ ಮಂಡಿ ಎದುರು ತಂಡದ ಹುಡುಗನೊಬ್ಬನ ತಲೆಗೆ ಬಡಿದಿತ್ತು. ಆ ಹುಡುಗನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದದ್ದನ್ನು ನಾವೆಲ್ಲ ನೋಡಿದ್ದೆವು. ಆಮೇಲೆ ಮರೆತೆವು. ಅವನಿಗೆ ಒಂದು ಕಣ್ಣಿನ ದೃಷ್ಟಿ ಮಂಜಾಗಿ ಹೋಗಿ, ಇನ್ನು ಆಡಲಾಗದು ಎಂದು ವೈದ್ಯರು ಹೇಳಿದ್ದರಂತೆ. ಇವರ ಮಗ ಪ್ರತಿ ಬುಧವಾರ ಕ್ಲಾಸು ಬಿಟ್ಟು ಅವನನ್ನು ನೋಡಲು ಹೋಗುತ್ತಿದ್ದ. ತಂಡದವರಿಗೆ ಹೇಳಿರಲಿಲ್ಲ. ನನ್ನ ಪಟ್ಟಿಯಲ್ಲಿ ಆ ದಿನದ ಎದುರು “ಚೆನ್ನಾಗಿ ಹೊರಬಂದ, ಗೋಲಿಲ್ಲ” ಎಂದಿತ್ತು.

“ಮೇ ತಿಂಗಳು ಅನ್ನೋದನ್ನ ಗಮನಿಸಿದ್ದು ನೀವೊಬ್ಬರೇ,” ಎಂದರು. “ಅಷ್ಟು ಸರಿಯಾಗಿ ನೋಡಿದ್ರಲ್ಲ ಅಂತ ಅವತ್ತು ನನಗೆ ಒಂದು ಕ್ಷಣ ಸಮಾಧಾನ ಆಯ್ತು.”

ಅದಕ್ಕೆ ಮೊದಲು ನಾನು ಪುಕ್ಕಲ ಎಂದಾಗ ಏನನ್ನಿಸಿತೆಂದು ಅವರು ಹೇಳಲಿಲ್ಲ. ಮಗನನ್ನು ಕೋಚ್ ಕೂರಿಸಿದ್ದಲ್ಲ ಎಂದಷ್ಟೇ ಹೇಳಿದರು. ಗೋಡೆಯ ಮೇಲಿನ ಹಾಳೆ ಓದಿ ಅವನೇ ಹೋಗಿ, ನನ್ನ ಬದಲು ಬೇರೆಯವರನ್ನು ಇಳಿಸಿ ಎಂದು ಕೇಳಿಕೊಂಡಿದ್ದನಂತೆ.

ಹೊಸ ಗೋಲ್‌ಕೀಪರ್ ಚೆನ್ನಾಗಿ ಆಡಿದ. ಎತ್ತರದ ಚೆಂಡಿಗೆಲ್ಲ ಹೊರಬಂದ. ತಂಡ ಗೆಲ್ಲತೊಡಗಿತು. ಇಂದೋ-ಸಾನ್ ಹೇಳಿದ್ದೇ ಸರಿಯಾಯಿತು ಎಂದು ವಿಷಯ ಗೊತ್ತಿಲ್ಲದ ಕೆಲವರು ನನ್ನ ಬೆನ್ನು ತಟ್ಟಿದರು. ಪ್ರತಿ ಗೆಲುವಿಗೂ ಆ ತಾಯಿ ಎಲ್ಲರೊಡನೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಚಪ್ಪಾಳೆ ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ತಂಡ ಒಮ್ಮೆಯಾದರೂ ಕೆಟ್ಟದಾಗಿ ಸೋಲಲಿ, ನಾನು ಹೇಳಿದ್ದು ತಪ್ಪೆಂದು ಸಾಬೀತಾಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಗಲಿಲ್ಲ.

ನವೆಂಬರ್‌ನ ಕೊನೆಯ ಪಂದ್ಯದ ನಂತರ ಕಾಲೇಜು ಮುಗಿಸುವ ಆಟಗಾರರು ದಿಬ್ಬದ ಮುಂದೆ ಸಾಲಾಗಿ ನಿಂತು ಅಭಿಮಾನಿಗಳಿಗೆ ತಲೆಬಾಗಿ ವಂದಿಸಿದರು. ಅವನೂ ಇದ್ದ. ಜರ್ಸಿಗೆ ಒಂದು ಚೂರೂ ಮಣ್ಣಾಗಿರಲಿಲ್ಲ. ವಂದನೆ ಮುಗಿದ ಮೇಲೆ ನಾನು ಕೆಳಗಿಳಿದು ಅವನ ಹತ್ತಿರ ಹೋದೆ. ಹತ್ತಿರದಿಂದ ನೋಡಿದರೆ ಇನ್ನೂ ಎಳೆಯ ಮುಖ. ಹಾಳೆ ಬರೆದವನು ನಾನೇ, ಆ ಪದ ತಪ್ಪು, ನನ್ನನ್ನು ಕ್ಷಮಿಸಬೇಕು ಎಂದೆ. ಈ ಸಲ ಯಾವ ವಾಕ್ಯವೂ ಮರೆಯಲಿಲ್ಲ.

“ಇಲ್ಲ, ನೀವು ಬರೆದದ್ದು ಸರಿ,” ಎಂದ. “ನಾನು ಹೆದರ್ತಾ ಇದ್ದೆ.”

ಅಷ್ಟು ಹೇಳಿ ಸೊಂಟದವರೆಗೆ ಬಾಗಿದ. ಅಷ್ಟರಲ್ಲಿ ಗೆಳೆಯರು ಫೋಟೋಕ್ಕೆ ಕರೆದರು. ಹೋದ. ಒಂದು ಕಂಪನಿಯ ತಂಡ ಅವನನ್ನು ಆಡಲು ಕರೆದಿತ್ತಂತೆ, ಬೇಡವೆಂದು ಹಮಾಮತ್ಸುವಿನ ಮೋಟರ್‌ಸೈಕಲ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಎಂದು ಹಿರಿಯರು ಆಮೇಲೆ ಹೇಳಿದರು. ಅಲ್ಲಿ ಚೆಂಡು ಮುಟ್ಟುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನ ತಾಯಿಯನ್ನು ನಾನು ಮತ್ತೆ ನೋಡಿಲ್ಲ.

ಮರುವರ್ಷದ ಜುಲೈನಲ್ಲಿ ಅಭಿಮಾನಿಗಳು ಮತ್ತೆ ಸೇರಿದರು. ಹಿರಿಯರು ನನಗೆ ಹಾಳೆ ಕೊಡಲೇ ಎಂದು ಕಣ್ಣಲ್ಲೇ ಕೇಳಿದರು. ಬೇಡವೆಂದೆ. ಉಳಿದವರು ಹೇಳಿದ್ದನ್ನು ಕೇಳಿಸಿಕೊಂಡು ಎದ್ದು ಬಂದೆ. ಪಂದ್ಯಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಬಿಡುವುದು ಸುಲಭ, ಹಾಗೆ ತಪ್ಪಿಸಿಕೊಳ್ಳಬಾರದು ಅನ್ನಿಸುತ್ತದೆ.

ಆದರೆ ಒಬ್ಬನೇ ಹೋಗುತ್ತೇನೆ. ಮಗಳು ಬರುವುದಿಲ್ಲ. ಗುಟ್ಟು ಬಿಟ್ಟುಕೊಟ್ಟೆನೆಂದು ನೊಂದುಕೊಂಡಳೋ, ಅದನ್ನು ಮುಂಚೆಯೇ ನನಗೆ ಹೇಳಿಬಿಡಬೇಕಿತ್ತು ಅನ್ನಿಸಿತೋ, ಅಥವಾ ಅಪ್ಪ ಇಂಥವನು ಎಂದು ತಿಳಿದುಹೋಯಿತೋ, ಅವಳು ಹೇಳುವುದಿಲ್ಲ. ಕಳೆದ ಭಾನುವಾರವೂ ಶೂ ಹಾಕಿಕೊಳ್ಳುತ್ತ ಕೇಳಿದೆ.

“ಬರ್ತೀಯೇನಮ್ಮ?”

“ಬೆತ್ಸು ನಿ,” ಎಂದಳು ಪುಸ್ತಕದಿಂದ ತಲೆಯೆತ್ತದೆ. ಅಂಥ ಆಸೆಯೇನೂ ಇಲ್ಲ ಎಂದು ಅದರರ್ಥ. ಬಾಗಿಲು ಎಳೆದುಕೊಂಡು ಹೊರಟೆ.