ಪ್ರಶ್ನೆ ಅವಳದು, ಮಾತು ನನ್ನದು

ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ ನನ್ನ ಸಹಪಾಠಿಯೊಬ್ಬಳ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಿತ್ತು. ಅವಳ ಅಪ್ಪ ಹೈಕೋರ್ಟಿನಲ್ಲಿ ಹೆಸರು ಮಾಡಿದ ವಕೀಲರು. ಅವಳು ಸ್ಕೂಟಿಯಲ್ಲಿ ಬರುತ್ತಿದ್ದಳು. ನಾನು ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ, ಬೆವರಿ, ತಡವಾಗಿ ಬರುತ್ತಿದ್ದೆ. ನಮ್ಮಪ್ಪ ಬೀದರ್ ಕಡೆಯವರು, ಸಿಕಂದರಾಬಾದಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಸ್ಕೂಟಿಯನ್ನೂ ಅವಳ ಇಂಗ್ಲಿಷನ್ನೂ ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಶುರುವಾದದ್ದು ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿ.

ಆಗ ಮಾಧಾಪುರದ ಕಡೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಕಟ್ಟುವವರಲ್ಲಿ ಬಹಳ ಮಂದಿ ಯಾದಗಿರಿ, ರಾಯಚೂರು ಕಡೆಯವರು. ಕಟ್ಟಡದ ಬೆನ್ನಿಗೇ ತಗಡಿನ ಶೆಡ್ಡುಗಳಲ್ಲಿ ಅವರ ಸಂಸಾರ. ಶನಿವಾರ ನಮ್ಮ ಮೇಡಂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಜನರ ತೊಂದರೆ ಕೇಳಿಕೊಳ್ಳುವುದು, ಸರ್ಕಾರದ ನೆರವಿನ ವಕೀಲರಿಗೆ ಪ್ರಕರಣ ಸಿದ್ಧಮಾಡಿ ಕೊಡುವುದು, ಇದೇ ನಮ್ಮ ಪಾಠ. ಶೆಡ್ಡುಗಳೆಲ್ಲ ಕನ್ನಡ ಮಾತಾಡುತ್ತಿದ್ದವು. ಈ ವರ್ಷ ಪ್ರಶ್ನೆ ಕೇಳುವವರ ಮುಂದಿನ ಕುರ್ಚಿ ನನ್ನದೇ ಎಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ.

ಮೇಡಂ ಜೋಡಿ ಮಾಡಿದಾಗ ಅವಳನ್ನೂ ನನ್ನನ್ನೂ ಒಟ್ಟಿಗೆ ಹಾಕಿದರು. ನನ್ನ ಕಡೆ ತಿರುಗಿ, "ಪ್ರಶ್ನೆ ಅವಳು ಕೇಳಲಿ, ನೀನು ಕನ್ನಡದಲ್ಲಿ ಹೇಳು," ಎಂದರು. ಅಷ್ಟೇ. ನನ್ನ ಭಾಷೆಯ ಜನರ ಎದುರಿಗೆ ನಾನು ಅವಳ ಬಾಯಿಯಾಗಿ ಕೂತೆ.

ಮೊದಲ ದೊಡ್ಡ ಪ್ರಕರಣ ಒಬ್ಬ ಬಸುರಿಯದು. ಅವಳ ಗಂಡ ಆ ಕಟ್ಟಡದ ರಾತ್ರಿ ವಾಚ್‌ಮನ್. ತಾಮ್ರದ ತಂತಿ ಕಳುವಾಗಿದೆ ಎಂದು ಗುತ್ತಿಗೆದಾರ ದೂರು ಕೊಟ್ಟಿದ್ದ, ಪೊಲೀಸರು ವಾಚ್‌ಮನ್‌ನನ್ನೇ ಹಿಡಿದು ಜೈಲಿಗೆ ಕಳಿಸಿದ್ದರು. ಗುತ್ತಿಗೆದಾರನ ಮೇಸ್ತ್ರಿ ಅವನ ಕೆಲಸವನ್ನೂ ಶೆಡ್ಡನ್ನೂ ಇನ್ನೂ ಕಸಿದುಕೊಂಡಿರಲಿಲ್ಲ.

"ಕಳುವಾದ ರಾತ್ರಿ ನಿಮ್ಮ ಗಂಡ ಎಲ್ಲಿದ್ರು?" ಎಂದು ನಾನು ತಿರುಗಿಸಿ ಕೇಳಿದೆ.

"ಗೇಟಿನ್ಯಾಗ ಇದ್ರು ರಿ. ಮತ್ತೆಲ್ಲಿ ಹೋಗ್ತಾರ್ರಿ?"

ಉತ್ತರ ಸ್ಪಷ್ಟವಾಗಿತ್ತು. ನಾನು ಅದನ್ನು ತೆಲುಗಿನಲ್ಲಿ ಒಪ್ಪಿಸಿ ಮುಂದಿನ ಪ್ರಶ್ನೆಗೆ ಕಾದೆ. ನನ್ನ ಸಹಪಾಠಿ ಮಾತ್ರ ಪೆನ್ನು ಕೆಳಗಿಟ್ಟಳು.

"ಆ ರಾತ್ರಿಯ ಮಾತು ಬಂದಾಗೆಲ್ಲ ಇವಳು ಬಾಗಿಲಲ್ಲಿ ನಿಂತ ಮೇಸ್ತ್ರಿಯ ಹೆಂಡತಿಯನ್ನು ನೋಡುತ್ತಾಳೆ. ಅವರನ್ನು ಹೊರಗೆ ಕಳಿಸು. ಗಂಡನ ಸುದ್ದಿ ಬಿಡು, ಆ ರಾತ್ರಿ ಇವಳು ಹೇಗಿದ್ದಳು ಅಂತ ಕೇಳು," ಎಂದಳು.

ಮೇಸ್ತ್ರಿಯ ಹೆಂಡತಿ ಹೋದ ಮೇಲೆ ಕೇಳಿದೆ. "ಆ ರಾತ್ರಿ ನೀವ್ ಹೆಂಗಿದ್ರಿ?"

ಹೆಂಗಸು ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. "ರಕ್ತ ಹೋಗಾಕತ್ತಿತ್ರಿ ಅಕ್ಕಾರ. ಕೂಸು ಉಳಿಯಂಗಿಲ್ಲ ಅಂದ್ಕೊಂಡಿದ್ದೆ. ಅವರೇ ಗೇಟ್ ಬಿಟ್ಟು ಆಟೋದಾಗ ದವಾಖಾನಿಗೆ ಒಯ್ದ್ರು. ಬೆಳಕು ಹರಿಯೋ ತನಕ ಅಲ್ಲೇ ಇದ್ರು. ಗೇಟ್ ಬಿಟ್ಟಿದ್ದು ಮೇಸ್ತ್ರಿಗೆ ಗೊತ್ತಾದ್ರ ನೌಕ್ರಿ ಹೋಗ್ತೈತಿ, ಶೆಡ್ಡೂ ಹೋಗ್ತೈತಿ. ಈ ಹೊಟ್ಟಿ ಹೊತ್ಕೊಂಡು ಎಲ್ಲಿ ಹೋಗ್ಲಿ?"

ಕನ್ನಡ ನನಗೆ ಬರುತ್ತಿತ್ತು. ಸತ್ಯ ಹೊರಬಿದ್ದದ್ದು ಕನ್ನಡದ ಒಂದಕ್ಷರವೂ ಬಾರದವಳ ಕಣ್ಣಿನಿಂದ. ಭಾಷೆ ತಿಳಿಯದ್ದರಿಂದಲೇ ಅವಳು ಮುಖ ನೋಡುತ್ತಿದ್ದಳು, ನಾನು ಶಬ್ದ ಹಿಡಿದು ಕೂತಿದ್ದೆ. ಮನೆಗೆ ಬರುವಾಗ ಬಸ್ಸಿನ ಕಂಬಿ ಹಿಡಿದು ಇದನ್ನೇ ಮೆಲುಕು ಹಾಕಿದೆ. ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

ನಿಜ ಹೇಳಿದರೆ ಜಾಮೀನು ಸಿಗುತ್ತದೆ, ಕೆಲಸ ಹೋಗುತ್ತದೆ. "ತೀರ್ಮಾನ ಅವರದು, ನಮ್ಮದಲ್ಲ," ಎಂದರು ಮೇಡಂ. ಮುಂದಿನ ಸಲ ಎರಡೂ ದಾರಿಗಳನ್ನು ಬಿಡಿಸಿ ಹೇಳಿದಾಗ ಹೆಂಗಸು ನನ್ನ ಕಡೆ ತಿರುಗಿದಳು. "ನೀವಾಗಿದ್ರ ಏನ್ ಮಾಡ್ತಿದ್ರಿ, ಅಕ್ಕಾರ?"

ಕೊನೆಗೂ ನನ್ನನ್ನು ಕೇಳಿದ್ದಳು. ಜೈಲಿನಿಂದ ಬಿಡಿಸಿಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, "ನಿಮ್ಮ ಯಜಮಾನ್ರನ್ನ ಕೇಳೋಣ ಬರ್ರಿ," ಎಂದೆ.

ಜೈಲಿನಲ್ಲಿ ಸರಳುಗಳ ಆಚೆ ನಿಂತ ಗಂಡ ಅವಳ ಮಾತು ಪೂರ್ತಿ ಕೇಳಲಿಲ್ಲ. "ಇದ್ದದ್ದು ಹೇಳಿಬಿಡು. ಕಳ್ಳ ಅನ್ನಿಸ್ಕೊಂಡು ಆ ಗೇಟ್ ಕಾಯಾಕ ನನಗ ಆಗಂಗಿಲ್ಲ," ಎಂದ.

ಆಸ್ಪತ್ರೆಯವರು ಆ ರಾತ್ರಿ ಅವನಿದ್ದದ್ದನ್ನು ಖಚಿತಪಡಿಸಿದರು. ನ್ಯಾಯಾಲಯದಲ್ಲಿ ವಾದಿಸಿದವರು ನೆರವಿನ ವಕೀಲರೇ, ಆದರೆ ವಾದದ ಸಾಲುಗಳು ನನ್ನ ಸಹಪಾಠಿ ಬರೆದುಕೊಟ್ಟವು. ಹಿಂದಿನ ಬೆಂಚಿನಲ್ಲಿ ಕೂತು ಅವು ಒಂದೊಂದಾಗಿ ಬರುವುದನ್ನು ಕೇಳಿದೆ. ಎಷ್ಟು ಚೆನ್ನಾಗಿದ್ದವೋ ಅಷ್ಟೇ ನನಗೆ ಚುಚ್ಚಿದವು. ಜಾಮೀನು ಸಿಕ್ಕಿತು, ಕೆಲಸ ಹೋಯಿತು. ಗಂಡ ಹೆಂಡತಿ ಪಟಾನ್‌ಚೆರುವಿನ ನೆಂಟರ ಮನೆಗೆ ಹೋದರು, ಅವನಿಗೆ ಅಲ್ಲಿನ ಔಷಧ ಕಾರ್ಖಾನೆಯಲ್ಲಿ ಮೂಟೆ ಹೊರುವ ಹಮಾಲಿ ಕೆಲಸ ಸಿಕ್ಕಿತು.

ಹೆರಿಗೆಯಾದ ಮೇಲೆ ಆಕೆ ಮಗಳನ್ನೆತ್ತಿಕೊಂಡು ಕಾಲೇಜಿಗೆ ಬಂದಳು. ಆವತ್ತು ಕೇಂದ್ರದಲ್ಲಿ ನಾನೊಬ್ಬಳೇ ಇದ್ದೆ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ ಕೇಳಿದಳು:

"ಆ ಇನ್ನೊಬ್ಬ ಅಕ್ಕಾರ ಹೆಸರೇನ್ರಿ? ನಮ್ಮನಿಯವರು ಅದೇ ಹೆಸರು ಇಡೋಣು ಅಂತಾರ."

ಹೆಸರು ಹೇಳಿದೆ. ಅವಳ ನಾಲಿಗೆ ತೊಡರಿತು. ಸರಿಯಾಗಿ ಬರುವ ತನಕ ಮತ್ತೆ ಮತ್ತೆ ಹೇಳಿಕೊಟ್ಟೆ. ನನ್ನ ಹೆಸರನ್ನು ಅವಳು ಕೇಳಲಿಲ್ಲ.

ಪರೀಕ್ಷೆಗೆ ಮುಂಚೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ನನ್ನ ಸಹಪಾಠಿ, ತನಗೆ ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಅಮೆರಿಕದ ವಕೀಲರ ಕಾಗದಪತ್ರ ನೋಡುವ ಕೆಲಸ, ಎಂದಳು.

"ಮತ್ತೆ ಈ ಕೇಂದ್ರ? ಈ ಜನ?"

"ನೀನಿದ್ದೀಯಲ್ಲ," ಎಂದಳು. ವ್ಯಂಗ್ಯವೇನೂ ಇರಲಿಲ್ಲ, ಅವಳ ಮನಸ್ಸಿನಲ್ಲಿ ಅದು ಯಾವತ್ತೋ ತೀರ್ಮಾನವಾಗಿತ್ತು. "ನನ್ನ ಬಾಯಿಂದ ಬಂದಿದ್ದರೆ ಆ ಪ್ರಶ್ನೆ ತನಿಖೆ ಆಗುತ್ತಿತ್ತು. ನೀನು ಕೇಳಿದ್ದಕ್ಕೆ ಆಕೆ ಅತ್ತಳು."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಹಗಲಿರುಳು ಹಂಬಲಿಸಿದ ಆ ಕುರ್ಚಿಯನ್ನು ಅವಳು ಖಾಲಿ ಲೋಟ ಇಟ್ಟಷ್ಟು ಹಗುರವಾಗಿ ಇಟ್ಟು ಎದ್ದಳಲ್ಲ, ಆ ಹಗುರಕ್ಕೂ ನನಗೆ ಹೊಟ್ಟೆ ಉರಿಯಿತು.

ಮುಂದಿನ ಶನಿವಾರ ಮುಂದಿನ ಕುರ್ಚಿಯಲ್ಲಿ ನಾನು ಕೂತೆ. ಕಾಲಿಗೆ ಪಟ್ಟಿ ಕಟ್ಟಿಕೊಂಡ, ಗಾರೆ ಕೆಲಸದ ಗೌಂಡಿಯೊಬ್ಬ ಕುಂಟುತ್ತ ಒಳಗೆ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತ. ಪ್ರಶ್ನೆ ಕೇಳುವ ಮೊದಲು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದೆ.