ಕೂಸಿನ ಕಿವಿಯಂಚು

ಆಗ ನಾನು ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಮೊದಲ ಹೆರಿಗೆಗೆ ತವರೂರು ಮೋರಟಗಿಗೆ ಬಂದೆ, ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಓಣಿಯ ಆಯಿಯೊಬ್ಬಳು ದಿನಾ ಬೆಳಿಗ್ಗೆ ಬರುತ್ತಿದ್ದಳು. ಅರ್ಧ ಊರು ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡು ದೊಡ್ಡದಾಗಿತ್ತು. ಮೊದಲ ದಿನವೇ ಕೂಸಿನ ಕಿವಿ ಮಡಚಿ ನೋಡಿ ತೀರ್ಪು ಕೊಟ್ಟಳು.

“ಕಿವಿ ಅಂಚು ಕಪ್ಪ ಐತಿ ನೋಡವಾ. ಮುಂದ ಕೂಸಿನ ಮೈನೂ ಇದೇ ಬಣ್ಣಕ್ಕ ಬರ್ತೈತಿ.”

ಬಂದರೆ ಬರಲಿ ಅನ್ನಬೇಕಿತ್ತು. ತರಗತಿಯಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಗ್ಗೆ ತಾಸುಗಟ್ಟಲೆ ಕೊರೆದವಳು ನಾನು. ಆದರೆ ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರಕ್ಕೆ ಬಸವನ ಬಾಗೇವಾಡಿಯಿಂದ ಅತ್ತೆ ಬರುವವರಿದ್ದರು. ಅವರು ಬೆಳ್ಳಗೆ, ನಾನು ಕಪ್ಪು. ನನಗೆ ಒಳಗೊಳಗೇ ಅಂಜಿಕೆ.

“ಆಯಿ, ಕಡ್ಲಿಹಿಟ್ಟು ಹಚ್ಚಿ ಚೊಲೊ ತಿಕ್ಕು. ಅತ್ತಿ ಬರೂದ್ರಾಗ ಒಂದೀಟು ಬೆಳ್ಳಗಾಗ್ಲಿ,” ಅಂದುಬಿಟ್ಟೆ.

ಆರನೆಯ ದಿನ ಕೂಸಿನ ಬೆನ್ನೆಲ್ಲ ಕೆಂಪು ಗುಳ್ಳೆ. ಅದು ಚೀರುವುದನ್ನು ಕೇಳಲಾಗದೆ ಆಯಿಯ ಮೇಲೆ ಹರಿಹಾಯ್ದೆ.

“ತಿಕ್ಕು ಅಂದಾಕಿ ನೀನೇ ಅಲ್ಲೇನು?” ಅಂದಳು ಆಕೆ, ದನಿ ಏರಿಸದೆ.

ನಾಚಿಕೆಯಾಯಿತು. ಅಂದು ಬಚ್ಚಲ ಬಾಗಿಲಲ್ಲೇ ಕೂತು ಅವಳಿಗೆ ಪಾಠ ಮಾಡಿದೆ. ಬಣ್ಣ ಮಾಡುವ ಕೋಶಗಳು ಮೇಲ್ಚರ್ಮದ ತಳದಲ್ಲಿರುತ್ತವೆ, ಎಷ್ಟು ತಿಕ್ಕಿದರೂ ಕೈಗೆ ಸಿಗುವುದಿಲ್ಲ. ಬಿಸಿಲು ಬಿದ್ದಾಗ ಚರ್ಮದೊಳಗೆ ಪುಂಡ ಕಣಗಳು ಹುಟ್ಟುತ್ತವೆ. ಅವಕ್ಕೆ ಒಂದು ಎಲೆಕ್ಟ್ರಾನ್ ಕಡಿಮೆ, ಪಕ್ಕದವರಿಂದ ಕಿತ್ತುಕೊಂಡು ಹಾಳು ಮಾಡುತ್ತವೆ. ಮೆಲನಿನ್ ತನ್ನಲ್ಲಿದ್ದುದನ್ನು ಕೊಟ್ಟು ಅವನ್ನು ಸುಮ್ಮನಾಗಿಸುತ್ತದೆ, ಕೊಟ್ಟ ಮೇಲೂ ತಾನು ಪುಂಡಾಟಕ್ಕಿಳಿಯುವುದಿಲ್ಲ.

“ಜಗಳಗಂಟ ಹುಡುಗರ ಕೈಯಾಗ ಬೆಲ್ಲ ಇಟ್ಟಂಗ ಅನ್ನು.”

“ಹೌದು ಆಯಿ, ಹಂಗ.”

“ಇಷ್ಟೆಲ್ಲಾ ತಿಳಿದಾಕಿ, ಮತ್ಯಾಕ ತಿಕ್ಕು ಅಂದಿ?”

ಕಡ್ಲಿಹಿಟ್ಟಿನ ಡಬ್ಬಿ ಎತ್ತಿ ಒಳಗಿಟ್ಟೆ. ಮರುದಿನದಿಂದ ಹಿಟ್ಟು ಬಂದ್, ಬರೀ ಎಣ್ಣೆ. ಗುಳ್ಳೆ ಆರಿದವು, ಕೂಸಿನ ಬಣ್ಣ ಇದ್ದಂತೆಯೇ ಇತ್ತು.

ಹನ್ನೆರಡನೆಯ ದಿನ ಅತ್ತೆ ಬಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವರೇ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದರು. ಅಷ್ಟರಲ್ಲಿ ಆಯಿ ಮುಂದೆ ಬಂದಳು.

“ಕಿವಿ ಏನ್ ನೋಡ್ತೀರಿ ಅಕ್ಕಾರ? ಕಪ್ಪೇ ಐತಿ. ಬಿಸಿಲಿನ ಪುಂಡರಿಗೆ ಬೆಲ್ಲ ಹಂಚೂ ಬಣ್ಣ ಅದು. ಇನ್ನ ನಾ ತಿಕ್ಕಂಗಿಲ್ಲ!”

ನಾನೂ ಬಿಡಲಿಲ್ಲ. ಮೆಲನಿನ್, ಎಲೆಕ್ಟ್ರಾನ್ ಎಂದು ಒಂದೇ ಉಸಿರಿಗೆ ಒದರಿದೆ. ಅತ್ತೆ ಇಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಜೋಳದ ಕಾಳಿನಷ್ಟು ಚಿಕ್ಕ ಬಂಗಾರದ ರಿಂಗು, ಎರಡು.

“ಚುಚ್ಚಾಕ ಜಾಗಾ ನೋಡಾಕತ್ತಿದ್ದೆ. ಇದರಾಗ ಬಣ್ಣದ ಮಾತು ಯಾರು ತಗದ್ರು?”

ಆಯಿ ಕೂಸಿನ ಕಾಲು ನೀವುತ್ತ ನೆಲ ನೋಡಿದಳು.

“ನಾನ್ರೀ, ಅತ್ತಿ,” ಅಂದೆ.