ಚೋಕಿಗೆ ಕಟ್ಟಿದ ಕಂಕಣ

ಮತ್ತೋಡಿನ ಮೀನುಗಾರನ ದೋಣಿ ಎಂಜಿನ್ ಬಿಸಿಯಾದರೆ ಸಾಯುತ್ತಿತ್ತು. ಪರೀಕ್ಷಿಸಲು ಹೋದ ಮೆಕ್ಯಾನಿಕ್ ನನ್ನನ್ನು ಮಾರಿಕಣಿವೆ ಹಿನ್ನೀರಿನ ನಟ್ಟನಡುವೆ ಕೂರಿಸಿಕೊಂಡೇ ಸತ್ತಿತು. ನನಗೆ ಈಜು ಬಾರದು.

ಕಾರ್ಬುರೇಟರ್ ಬಿಚ್ಚಿ ಊದಿದೆ. ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ ಒರೆಸಿದೆ. ಊಹ್ಞೂಂ. ಆಮೇಲೆ ಕಣ್ಣಿಗೆ ಬಿತ್ತು: ಎಳೆದ ಚೋಕ್ ಒಳಗೆ ಹೋಗದಂತೆ ಅರಿಶಿನಕೊಂಬಿನ ದಾರ ಬಿಗಿದಿತ್ತು.

"ಇದ್ಯಾಕ್ರೀ?"

"ಆಯುಧಪೂಜೆ ಕಂಕಣ ಐತೆ ಸಾ, ಬಿಚ್ಚಂಗಿಲ್ಲ."

"ಬಿಚ್ಚದಿದ್ರೆ ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಉಸಿರು ಕಟ್ಟುತ್ತೆ."

"ಹಂಗಾದ್ರೆ ನೀವೇ ಬಿಚ್ರಿ. ಪಾಪ ನಿಮಗೇ ಇರ್ಲಿ."

ಬಿಚ್ಚಿ ಚೋಕ್ ತಳ್ಳಿ, ಪ್ಲಗ್ ಮತ್ತೆ ಒರೆಸಿ ಸ್ಟಾರ್ಟರ್ ಹಗ್ಗ ಎಳೆದೆ. ಎಂಜಿನ್ ಗುಡುಗಿತು.

"ನೋಡಿದ್ರಾ ಕಂಕಣದ ಮಹಿಮೆ!" ಎಂದು ಅದೇ ದಾರವನ್ನು ನನ್ನ ಮುಂಗೈಗೆ ಬಿಗಿದ.

ದಡ ಮುಟ್ಟುವವರೆಗೂ ನಾನು ಅದನ್ನು ಬಿಚ್ಚಲಿಲ್ಲ. ನಾಸ್ತಿಕನಾಗೋಕೂ ಕಾಲಡಿ ನೆಲ ಇರಬೇಕು.